ಸೊಲ್ಲಾಪುರದ ಸುಪುತ್ರ ಡಾ. ದ್ವಾರಕಾನಾಥ ಕೋಟಣೀಸ

ಸೊಲ್ಲಾಪುರ ಸಿದ್ಧರಾಮೇಶ್ವರರ ಊರು. ಹನ್ನೆರಡನೆಯ ಶತಮಾನದಲ್ಲಿ ಆ ಶಿವಯೋಗಿ ಇಲ್ಲಿ ಕೆರೆ ಕಟ್ಟಿಸಿ, ಬಾಯಾರಿದವರಿಗೆ ನೀರು ಒದಗಿಸುವುದನ್ನೇ ಪೂಜೆಯೆಂದು ತಿಳಿದ. ಆ ಸೊನ್ನಲಿಗೆಯ ನೆಲದಲ್ಲಿ ಎಂಟು ಶತಮಾನಗಳ ತರುವಾಯ ಒಬ್ಬ ವೈದ್ಯ ಹುಟ್ಟಿ, ತಾನು ಎಂದೂ ಕಾಣದಿದ್ದ ದೇಶದ, ತನಗೆ ತಿಳಿಯದ ನುಡಿಯ ಜನರ ಗಾಯಗಳಿಗೆ ಮದ್ದು ಹಚ್ಚುತ್ತ ತನ್ನ ಮೂವತ್ತೆರಡನೆಯ ವಯಸ್ಸಿನಲ್ಲಿ ಪ್ರಾಣ ಬಿಟ್ಟ. ನಮ್ಮ ಶಾಲೆಗೆ ನೂರು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಆ ವೈದ್ಯ ಡಾ. ದ್ವಾರಕಾನಾಥ ಶಾಂತಾರಾಮ ಕೋಟಣೀಸರ ಚರಿತ್ರೆಯನ್ನು ಸ್ಮರಿಸುವುದು ಉಚಿತವಾಗಿದೆ. ಅವರ ಹೆಸರನ್ನು ನಮ್ಮೂರಿನಲ್ಲಿ ಕೇಳದವರು ವಿರಳ. ಆದರೆ ಹೆಸರಿನಾಚೆಗೆ ಅವರ ಬದುಕಿನ ವಿವರಗಳನ್ನು ಅರಿತವರು ಅಷ್ಟಾಗಿ ಇಲ್ಲವೆಂಬುದನ್ನೂ ಒಪ್ಪಿಕೊಳ್ಳಬೇಕು.

ಬಾಲ್ಯ ಮತ್ತು ವಿದ್ಯಾಭ್ಯಾಸ

ದ್ವಾರಕಾನಾಥರು ಜನಿಸಿದ್ದು 1910ರ ಅಕ್ಟೋಬರ್ 10ರಂದು, ಸೊಲ್ಲಾಪುರದ ಒಂದು ಮಧ್ಯಮವರ್ಗದ ಮರಾಠಿ ಕುಟುಂಬದಲ್ಲಿ. ಅವರಿಗೆ ಇಬ್ಬರು ಸಹೋದರರು, ಐವರು ಸಹೋದರಿಯರು. ಅಂದಿನ ಸೊಲ್ಲಾಪುರ ಗಿರಣಿಗಳ ಊರು. ಬೆಳಗಿನ ಭೋಂಗಾ ಕೂಗಿದೊಡನೆ ಬೀದಿಗಳಲ್ಲಿ ಕಾರ್ಮಿಕರ ಸಾಲು ಹೊರಡುತ್ತಿತ್ತು. ಆ ಸಾಲಿನಲ್ಲಿ ಕನ್ನಡ, ಮರಾಠಿ, ತೆಲುಗು, ಉರ್ದು ಈ ನಾಲ್ಕೂ ನುಡಿಗಳು ಒಟ್ಟಿಗೆ ಕೇಳಿಬರುತ್ತಿದ್ದವು. ಒಂದು ಭಾಷೆಯಲ್ಲಿ ಉಂಡು, ಇನ್ನೊಂದರಲ್ಲಿ ವ್ಯಾಪಾರ ಮಾಡಿ, ಮತ್ತೊಂದರಲ್ಲಿ ನೆರೆಮನೆಯವರ ಕಷ್ಟಸುಖ ವಿಚಾರಿಸುವುದು ಈ ಊರಿನ ಮಕ್ಕಳಿಗೆ ಯಾರೂ ಕಲಿಸಬೇಕಾದ ವಿದ್ಯೆಯಲ್ಲ. ಮುಂದೆ ಪರದೇಶದಲ್ಲಿ ಪರಭಾಷೆಯನ್ನು ಅಷ್ಟು ಬೇಗ ತಮ್ಮದಾಗಿಸಿಕೊಂಡ ಕೋಟಣೀಸರು ಇಂಥ ಊರಿನ ಮಗನೆಂಬುದು ಗಮನಾರ್ಹ.

ಅವರು ಯೌವನಕ್ಕೆ ಕಾಲಿಟ್ಟ ಕಾಲ ನಮ್ಮೂರಿನ ಇತಿಹಾಸದಲ್ಲೇ ಅತ್ಯಂತ ಕ್ಷೋಭೆಯ ಕಾಲ. 1930ರ ಮೇ ತಿಂಗಳಲ್ಲಿ ಗಾಂಧೀಜಿಯವರ ಬಂಧನದ ಸುದ್ದಿ ಬಂದಾಗ ಸೊಲ್ಲಾಪುರ ಸಿಡಿದೆದ್ದಿತು. ಬ್ರಿಟಿಷ್ ಸರಕಾರ ಊರಿನ ಮೇಲೆ ಲಷ್ಕರಿ ಕಾಯಿದೆ ಹೇರಿತು. 1931ರ ಜನವರಿ 12ರಂದು ಮಲ್ಲಪ್ಪ ಧನಶೆಟ್ಟಿ, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂಧೆ ಮತ್ತು ಕುರ್ಬಾನ್ ಹುಸೇನ್ ಎಂಬ ನಾಲ್ವರು ದೇಶಭಕ್ತರನ್ನು ಯೆರವಡಾ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ಆಗ ದ್ವಾರಕಾನಾಥರಿಗೆ ಇಪ್ಪತ್ತು ವರ್ಷ. ತಮ್ಮೂರಿನ ಬೇರೆ ಬೇರೆ ಜಾತಿ ಮತ ಭಾಷೆಗಳ ನಾಲ್ವರು ಒಂದೇ ದಿನ, ಒಂದೇ ಕಾರಣಕ್ಕಾಗಿ ಪ್ರಾಣ ತೆತ್ತ ಕಾಲದಲ್ಲಿ ಅವರು ದೊಡ್ಡವರಾದರು.

ವೈದ್ಯವಿದ್ಯೆಯನ್ನು ಅವರು ಮುಂಬಯಿಯ ಸೇಠ್ ಜಿ. ಎಸ್. ಮೆಡಿಕಲ್ ಕಾಲೇಜಿನಲ್ಲಿ ಕಲಿತು, 1936ರಲ್ಲಿ ಪದವಿ ಪಡೆದರು. ಹೆಚ್ಚಿನ ವ್ಯಾಸಂಗ ಮಾಡಬೇಕು, ಶಸ್ತ್ರಚಿಕಿತ್ಸೆಯಲ್ಲಿ ಪರಿಣತಿ ಗಳಿಸಬೇಕು ಎಂಬ ಹಂಬಲ ಅವರಿಗಿತ್ತು. ಒಬ್ಬ ಮಗ ಡಾಕ್ಟರನಾದರೆ ಇಡೀ ಮನೆತನವೇ ಮೇಲೇಳುವುದೆಂದು ನಂಬಿದ್ದ ಕಾಲವದು. ಮುಂಬಯಿಯಲ್ಲೋ ತಮ್ಮೂರಲ್ಲೋ ದವಾಖಾನೆ ತೆರೆದಿದ್ದರೆ ಯಾರೂ ಅವರನ್ನು ಆಕ್ಷೇಪಿಸುವಂತಿರಲಿಲ್ಲ.

ದೂರದ ಕರೆ

1937ರ ಜುಲೈ 7ರಂದು ಬೀಜಿಂಗ್ ನಗರದ ಹೊರವಲಯದ ಒಂದು ಸೇತುವೆಯ ಬಳಿ ಜಪಾನೀ ಪಡೆಗಳಿಗೂ ಚೀನೀ ಪಡೆಗಳಿಗೂ ಗುಂಡಿನ ಚಕಮಕಿ ನಡೆದು, ಅದು ಪೂರ್ಣ ಪ್ರಮಾಣದ ಯುದ್ಧವಾಗಿ ಬೆಳೆಯಿತು. ಶಾಂಘೈ ಬಿದ್ದಿತು, ಅದೇ ವರ್ಷದ ಡಿಸೆಂಬರಿನಲ್ಲಿ ರಾಜಧಾನಿ ನಾನ್‌ಜಿಂಗ್ ಸಹ ಬಿದ್ದು, ಅಲ್ಲಿ ನಿರಾಯುಧ ಜನರ ಘೋರ ಹತ್ಯಾಕಾಂಡ ನಡೆಯಿತು. ಗಾಯಾಳುಗಳ ಸಂಖ್ಯೆಗೆ ಮಿತಿಯಿರಲಿಲ್ಲ. ವೈದ್ಯರು ಮಾತ್ರ ಬೆರಳೆಣಿಕೆಯಷ್ಟು. ಎಂಟನೆಯ ರೂಟ್ ಸೈನ್ಯವೆಂದು ಹೆಸರಾಗಿದ್ದ ಪಡೆಯ ಸೇನಾನಿ ಝು ದೆ ಅವರು ಜವಾಹರಲಾಲ ನೆಹರೂ ಅವರಿಗೆ ಪತ್ರ ಬರೆದು ಭಾರತದಿಂದ ವೈದ್ಯಕೀಯ ನೆರವನ್ನು ಕೋರಿದರು.

ಭಾರತವೇ ಆಗ ಪರಾಧೀನ. ತನ್ನ ಸಂಕೋಲೆಯನ್ನೇ ಕಳಚಿಕೊಳ್ಳಲಾಗದ ದೇಶ ಇನ್ನೊಬ್ಬರಿಗೆ ಏನು ಕೊಡಬಲ್ಲುದು? ಆದರೂ ಕಾಂಗ್ರೆಸ್ಸಿನ ಅಂದಿನ ಅಧ್ಯಕ್ಷ ಸುಭಾಷ್‌ಚಂದ್ರ ಬೋಸರು 1938ರ ಜೂನ್ ಕೊನೆಯಲ್ಲಿ ದೇಶಬಾಂಧವರಿಗೆ ಮನವಿ ಮಾಡಿದರು. ಜನಸಾಮಾನ್ಯರು ನೀಡಿದ ದೇಣಿಗೆಯಿಂದ ಸುಮಾರು 22,000 ರೂಪಾಯಿ ಕೂಡಿತು. ಒಂದು ಆ್ಯಂಬುಲೆನ್ಸ್ ವಾಹನ, ಔಷಧಿಗಳು ಮತ್ತು ಐವರು ವೈದ್ಯರ ತಂಡ ಸಿದ್ಧವಾದವು. ಸ್ಪೇನಿನ ಅಂತರ್ಯುದ್ಧದಲ್ಲಿ ಸೇವೆ ಸಲ್ಲಿಸಿ ಬಂದಿದ್ದ ಅಲಹಾಬಾದಿನ ಡಾ. ಅಟಲ್ ಅವರು ತಂಡದ ನಾಯಕರು. ನಾಗಪುರದ ಡಾ. ಚೋಳಕರ, ಕಲ್ಕತ್ತೆಯ ಡಾ. ಬಿಜಯಕುಮಾರ ಬಸು ಮತ್ತು ಡಾ. ದೇಬೇಶ್ ಮುಖರ್ಜಿ, ಸೊಲ್ಲಾಪುರದ ಡಾ. ಕೋಟಣೀಸ ಉಳಿದ ಸದಸ್ಯರು.

ಅಂದಿನ ಸಾಮಾನ್ಯ ಕುಟುಂಬಗಳಿಗೆ ಚೀನಾ ಎಂದರೆ ಹೆಗಲ ಮೇಲೆ ಗಂಟು ಹೊತ್ತು ರೇಷ್ಮೆ ಬಟ್ಟೆ ಮಾರಲು ಬರುತ್ತಿದ್ದ ಚೀನೀ ವ್ಯಾಪಾರಿಗಳಷ್ಟೇ ಗೊತ್ತು. ಅಂಥ ದೇಶಕ್ಕೆ, ಅದೂ ಬಾಂಬುಗಳು ಬೀಳುತ್ತಿರುವ ಹೊತ್ತಿನಲ್ಲಿ, ಈಗತಾನೆ ಡಾಕ್ಟರಾದ ಮಗನನ್ನು ಕಳಿಸಲು ಯಾವ ಮನೆಯವರ ಮನಸ್ಸೂ ಸುಲಭವಾಗಿ ಒಪ್ಪದು. ಕೋಟಣೀಸರು ಮನೆಯವರ ಒಪ್ಪಿಗೆ ಪಡೆದೇ ಹೊರಟರು. 1938ರ ಸೆಪ್ಟೆಂಬರ್ 1ರಂದು ಮುಂಬಯಿ ಬಂದರಿನಿಂದ ರಜಪೂತಾನಾ ಎಂಬ ಹಡಗು ಈ ಐವರನ್ನು ಹೊತ್ತು ಸಾಗಿತು. ತಾಯ್ನೆಲವನ್ನು ಅವರು ಕಂಡದ್ದು ಅದೇ ಕೊನೆ.

ಚೋಂಗ್‌ಚಿಂಗ್‌ನಲ್ಲಿ ಬಂದ ಸುದ್ದಿ

ತಂಡ ಹಾಂಗ್‌ಕಾಂಗ್ ಮಾರ್ಗವಾಗಿ ಸೆಪ್ಟೆಂಬರ್ 17ರಂದು ಗ್ವಾಂಗ್‌ಝೌ ನಗರ ತಲುಪಿತು. ಆಧುನಿಕ ಚೀನಾದ ಜನಕ ಸನ್ ಯಾತ್‌ಸೆನ್ ಅವರ ಪತ್ನಿ ಸೂಂಗ್ ಚಿಂಗ್‌ಲಿಂಗ್ ಅವರನ್ನು ಬರಮಾಡಿಕೊಂಡರು. ಅಲ್ಲಿಂದ ಚಾಂಗ್‌ಶಾ, ವುಹಾನ್, ಯಿಚಾಂಗ್‌ಗಳ ಮೂಲಕ ಅವರು ಚೋಂಗ್‌ಚಿಂಗ್ ಸೇರಿದರು. ಅಷ್ಟರಲ್ಲಿ ಗ್ವಾಂಗ್‌ಝೌ, ವುಹಾನ್ ಎರಡೂ ಶತ್ರುವಶವಾಗಿದ್ದವು. ಚೀನೀ ಪದ್ಧತಿಯಂತೆ ಐವರಿಗೂ ಹೊಸ ಹೆಸರುಗಳಿಟ್ಟು, ಪ್ರತಿ ಹೆಸರಿನ ಕೊನೆಗೆ ಚೀನಾ ಎಂಬ ಅರ್ಥ ಕೊಡುವ ಹುವಾ ಎಂಬ ಪದವನ್ನು ಸೇರಿಸಲಾಯಿತು. ಹೀಗೆ ಕೋಟಣೀಸರು ಕೆ ದಿಹುವಾ ಆದರು. ಇಂದಿಗೂ ಚೀನಾದಲ್ಲಿ ಅವರು ಪರಿಚಿತರಾಗಿರುವುದು ಆ ಹೆಸರಿನಿಂದಲೇ.

ಚೋಂಗ್‌ಚಿಂಗ್‌ನಲ್ಲಿರುವಾಗಲೇ ಅವರಿಗೆ ತಂದೆಯವರ ಮರಣದ ವಾರ್ತೆ ಬಂದಿತು. ಕೋಟಣೀಸರ ಬದುಕಿನ ಅತಿ ಕಠಿಣ ಘಳಿಗೆ ಇದೇ ಇರಬೇಕು. ಮನೆಯಲ್ಲಿ ತಾಯಿ, ತಂಗಿಯಂದಿರು. ಹಿಂದೂ ಕುಟುಂಬದಲ್ಲಿ ತಂದೆಯ ಉತ್ತರಕ್ರಿಯೆಗೆ ಮಗನಿಲ್ಲದಿರುವುದರ ನೋವು ಎಂಥದೆಂಬುದನ್ನು ವಿವರಿಸಬೇಕಿಲ್ಲ. ಊರಿಗೆ ಮರಳಿ ಹೋಗೆಂದು ಸಂಗಡಿಗರೇ ಸಲಹೆಯಿತ್ತರು. ಅವರು ಮರಳಿದ್ದರೆ ಯಾರೂ ಅದನ್ನು ಹೇಡಿತನವೆನ್ನುತ್ತಿರಲಿಲ್ಲ. ಆದರೆ ತಾವು ಯಾವ ಕೆಲಸಕ್ಕೆ ಬಂದಿದ್ದರೋ ಆ ಕೆಲಸ ಇನ್ನೂ ಆರಂಭವೇ ಆಗಿಲ್ಲವೆಂದು ಅವರಿಗೆ ಅನಿಸಿತು. ಅವರು ಉತ್ತರದ ದಾರಿ ಹಿಡಿದರು. ಈ ನಿರ್ಧಾರದ ಬೆಲೆಯನ್ನು ಅವರೊಬ್ಬರೇ ತೆರಲಿಲ್ಲ, ಸೊಲ್ಲಾಪುರದ ಆ ಮನೆಯೂ ತೆತ್ತಿತು. ವೀರರ ಕಥೆ ಹೇಳುವಾಗ ನಾವು ಅವರ ಮನೆಯವರನ್ನು ಮರೆಯುವುದುಂಟು, ಹಾಗಾಗಬಾರದು.

ಯೆನಾನ್‌ನಿಂದ ರಣರಂಗಕ್ಕೆ

1939ರ ಫೆಬ್ರುವರಿ 12ರಂದು ತಂಡ ಯೆನಾನ್ ತಲುಪಿತು. ಹಳದಿ ಮಣ್ಣಿನ ಗುಡ್ಡಗಳನ್ನು ಕೊರೆದು ಮಾಡಿದ ಗವಿಗಳಲ್ಲಿ ಜನರು ವಾಸವಾಗಿದ್ದರು; ಆಸ್ಪತ್ರೆಯೂ ಗವಿಗಳಲ್ಲೇ ನಡೆಯುತ್ತಿತ್ತು. ನವಣೆಯ ಗಂಜಿ ಸೈನಿಕನಿಗೂ ಸೇನಾನಿಗೂ ನಿತ್ಯದ ಆಹಾರ. ಜೋಳದ ರೊಟ್ಟಿ ಉಂಡು ಬೆಳೆದ ಸೊಲ್ಲಾಪುರದವರಿಗೆ ನವಣೆ ಹೊಸದೇನೂ ಅಲ್ಲ. ಆದರೆ ಮೈ ಕೊರೆಯುವ ಅಲ್ಲಿನ ಚಳಿ ಹೊಸದು.

ಒಂದು ವರ್ಷದ ಸೇವೆಗೆಂದು ಹೊರಟ ತಂಡ ಕ್ರಮೇಣ ಕರಗತೊಡಗಿತು. ಡಾ. ಚೋಳಕರ ಮತ್ತು ಡಾ. ಮುಖರ್ಜಿ 1939ರಲ್ಲೇ ಸ್ವದೇಶಕ್ಕೆ ಮರಳಬೇಕಾಯಿತು. ಉಳಿದ ಮೂವರು ವರ್ಷದ ಕೊನೆಯಲ್ಲಿ ರಣರಂಗದತ್ತ ಹೊರಟು, ಶಾಂಸಿ ಪ್ರಾಂತದಲ್ಲಿದ್ದ ಝು ದೆ ಅವರ ಪ್ರಧಾನ ಠಾಣ್ಯವನ್ನು ಸೇರಿದರು. ಡಾ. ಅಟಲ್ ಅನಾರೋಗ್ಯದಿಂದ 1940ರಲ್ಲಿ ಹಿಂದಿರುಗಿದರು. ಕೋಟಣೀಸ ಮತ್ತು ಬಸು ಶತ್ರುಗಳ ದಿಗ್ಬಂಧನದ ಸಾಲುಗಳನ್ನು ದಾಟುತ್ತ, ನಡೆಯುತ್ತ, ಕುದುರೆಯೇರುತ್ತ, ಹಾದಿಯುದ್ದಕ್ಕೂ ಗಾಯಾಳುಗಳ ಆರೈಕೆ ಮಾಡುತ್ತ ಪೂರ್ವಕ್ಕೆ ಸಾಗಿದರು. ಹೆಬೈ ಪ್ರಾಂತದ ತಾಂಗ್ ಜಿಲ್ಲೆಯ ಗುಡ್ಡಗಾಡಿನಲ್ಲಿ, ಸೇನಾನಿ ನಿಯೆ ರೊಂಗ್‌ಝೆನ್ ಅವರ ಆಡಳಿತವಿದ್ದ ಗಡಿಪ್ರದೇಶಕ್ಕೆ ಅವರು 1940ರ ಬೇಸಿಗೆಯಲ್ಲಿ ಬಂದು ಮುಟ್ಟಿದರು. ಕೆನಡಾ ದೇಶದ ಸುಪ್ರಸಿದ್ಧ ಶಸ್ತ್ರವೈದ್ಯ ಡಾ. ನಾರ್ಮನ್ ಬೆಥ್ಯೂನ್ ದುಡಿದು, ಶಸ್ತ್ರಕ್ರಿಯೆಯ ವೇಳೆ ಬೆರಳಿಗಾದ ಗಾಯ ನಂಜೇರಿ 1939ರ ನವೆಂಬರ್ 12ರಂದು ಅಸುನೀಗಿದ್ದು ಇದೇ ಜಿಲ್ಲೆಯಲ್ಲಿ. ಅವರ ಸಮಾಧಿಯ ಉದ್ಘಾಟನೆಗೆ ಕೋಟಣೀಸರೂ ಹಾಜರಿದ್ದರು.

ಬಸು ಅವರನ್ನು ಮತ್ತೆ ಯೆನಾನ್‌ಗೆ ಕರೆಸಿಕೊಳ್ಳಲಾಯಿತು. ಆ ಗುಡ್ಡಗಳಲ್ಲಿ ಕೋಟಣೀಸರೊಬ್ಬರೇ ಭಾರತೀಯರಾಗಿ ಉಳಿದರು.

1940ರ ಆಗಸ್ಟ್ ತಿಂಗಳಲ್ಲಿ ಎಂಟನೆಯ ರೂಟ್ ಸೈನ್ಯ ಜಪಾನೀಯರ ರೈಲುಮಾರ್ಗ ಹಾಗೂ ಠಾಣೆಗಳ ಮೇಲೆ ನೂರು ರೆಜಿಮೆಂಟುಗಳ ದಾಳಿಯೆಂದು ಇತಿಹಾಸದಲ್ಲಿ ಹೆಸರಾದ ಕಾರ್ಯಾಚರಣೆಯನ್ನು ಆರಂಭಿಸಿತು. ಆ ದಿನಗಳಲ್ಲಿ ಕೋಟಣೀಸರು ರಣರಂಗದ ಸಮೀಪದಲ್ಲೇ ಶಸ್ತ್ರಕ್ರಿಯೆಯ ಮೇಜು ಹಾಕಿದರು. ಹದಿಮೂರು ದಿನಗಳಲ್ಲಿ ಅವರ ತಂಡದ ಬಳಿ ಬಂದ ಗಾಯಾಳುಗಳು 800ಕ್ಕೂ ಹೆಚ್ಚು. ಅವರಲ್ಲಿ 558 ಮಂದಿಗೆ ಶಸ್ತ್ರಕ್ರಿಯೆ ನಡೆಯಿತು. ಒಮ್ಮೆಯಂತೂ ಸತತ 72 ಗಂಟೆಗಳ ಕಾಲ ಅವರು ನಿದ್ರೆಯಿಲ್ಲದೆ ದುಡಿದರು. ಗುಂಡು ಹೊಕ್ಕ ಗಾಯಕ್ಕೆ ಕಾಲವೇ ದೊಡ್ಡ ಶತ್ರು. ರಕ್ತ ಹರಿದು ಹೋಗುವ ಮುನ್ನ, ನಂಜೇರುವ ಮುನ್ನ ವೈದ್ಯನ ಕೈ ತಲುಪಿದರೆ ಮನುಷ್ಯ ಬದುಕಿದ. ಮೈಲುಗಟ್ಟಲೆ ಡೋಲಿಯಲ್ಲಿ ಹೊತ್ತು ತರುವಷ್ಟರಲ್ಲಿ ಉಳಿಯಬಹುದಾದವರೂ ಉಳಿಯುತ್ತಿರಲಿಲ್ಲ. ಗಾಯಾಳು ವೈದ್ಯನ ಬಳಿಗೆ ಬರುವುದನ್ನು ಕಾಯದೆ, ವೈದ್ಯನೇ ಗಾಯಾಳುವಿನ ಬಳಿಗೆ ಹೋಗಬೇಕೆಂಬ ಬೆಥ್ಯೂನರ ಕ್ರಮವನ್ನು ಕೋಟಣೀಸರು ಕೊನೆಯವರೆಗೂ ಪಾಲಿಸಿದರು.

ಜನರ ನುಡಿಯಲ್ಲಿ ವೈದ್ಯವಿದ್ಯೆ

1941ರ ಜನವರಿಯಲ್ಲಿ ಅವರನ್ನು ಬೆಥ್ಯೂನ್ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಯ ನಿರ್ದೇಶಕರನ್ನಾಗಿ ನೇಮಿಸಲಾಯಿತು. ಆಸ್ಪತ್ರೆಯೆಂದರೆ ನಮ್ಮ ಕಣ್ಣಮುಂದೆ ಬರುವ ದೊಡ್ಡ ಕಟ್ಟಡವಲ್ಲ. ಗೆಗೊಂಗ್ ಎಂಬ ಹಳ್ಳಿಯಲ್ಲಿ ರೈತರ ಮನೆಗಳೇ ಅದರ ವಾರ್ಡುಗಳು. ಶತ್ರು ಸಮೀಪಿಸಿದ ಸುದ್ದಿ ಬಂದರೆ ರೋಗಿಗಳು, ಔಷಧಿ, ಉಪಕರಣಗಳೊಡನೆ ಇಡೀ ಆಸ್ಪತ್ರೆ ಗುಡ್ಡದೊಳಕ್ಕೆ ಸರಿಯಬೇಕು. ಔಷಧಿಯ ಅಭಾವ ನಿತ್ಯದ್ದು. ಸೈನಿಕರಂತೆಯೇ ಹಳ್ಳಿಗರಿಗೂ ಕೋಟಣೀಸರು ವೈದ್ಯರಾಗಿದ್ದರು.

ಅವರ ಜೀವನದ ಈ ಅಧ್ಯಾಯದಲ್ಲಿ ನಮ್ಮಂಥ ಶಾಲೆಯವರು ನಿಂತು ಯೋಚಿಸಬೇಕಾದ ಒಂದು ಸಂಗತಿಯಿದೆ. ಆಸ್ಪತ್ರೆಗೆ ಹೊಂದಿಕೊಂಡಂತೆ ಬೆಥ್ಯೂನರ ಹೆಸರಿನ ವೈದ್ಯಕೀಯ ಶಾಲೆಯಿತ್ತು. ಅಲ್ಲಿನ ವಿದ್ಯಾರ್ಥಿಗಳು ಬಹುಮಟ್ಟಿಗೆ ಹಳ್ಳಿಗಾಡಿನ ತರುಣ ತರುಣಿಯರು. ಕೋಟಣೀಸರು ವೈದ್ಯವಿದ್ಯೆ ಕಲಿತದ್ದು ಇಂಗ್ಲಿಷಿನಲ್ಲಿ. ದುಭಾಷಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಅವರು ಪಾಠ ಹೇಳಬಹುದಿತ್ತು. ಆದರೆ ದುಭಾಷಿಯ ಬಾಯಿಂದ ಬಂದ ವಿದ್ಯೆ ವಿದ್ಯಾರ್ಥಿಯ ಎದೆಗೆ ಇಳಿಯುವುದು ಅರ್ಧವೇ. ಆದುದರಿಂದ ಅವರು ಚೀನೀ ಭಾಷೆಯನ್ನು ಪಟ್ಟುಹಿಡಿದು ಕಲಿತರು. ಆಡುವುದಕ್ಕಷ್ಟೇ ನಿಲ್ಲದೆ, ಸಾವಿರಾರು ಚಿತ್ರಾಕ್ಷರಗಳ ಆ ಕಠಿಣ ಲಿಪಿಯನ್ನು ಓದಿ ಬರೆಯುವ ಮಟ್ಟಕ್ಕೆ ಮುಟ್ಟಿದರು. ಶಸ್ತ್ರಚಿಕಿತ್ಸೆಯ ಪಾಠಗಳನ್ನು ಚೀನೀ ಭಾಷೆಯಲ್ಲೇ ಹೇಳಿದರು. ಶಸ್ತ್ರಚಿಕಿತ್ಸೆಯ ಸಾಮಾನ್ಯ ತತ್ತ್ವಗಳನ್ನು ಕುರಿತು ಒಂದು ಪಠ್ಯವನ್ನು ಸಿದ್ಧಪಡಿಸಿ, ಮುಂದಿನ ಭಾಗವನ್ನು ಬರೆಯಲು ಕೈಹಚ್ಚಿದರು.

ಕಲಿಯುವವರ ನುಡಿಯಲ್ಲಿ ಕಲಿಸದಿದ್ದರೆ ವಿದ್ಯೆ ನೆಲೆಗೊಳ್ಳದೆಂಬುದು ನೂರು ವರ್ಷಗಳಿಂದ ಈ ಗಡಿನಾಡಿನಲ್ಲಿ ಕನ್ನಡ ಶಾಲೆಯನ್ನು ನಡೆಸಿಕೊಂಡು ಬಂದ ನಮ್ಮ ಹಿರಿಯರ ನಂಬುಗೆ. ಆ ನಂಬುಗೆಯನ್ನು ಸಂಕುಚಿತ ಭಾಷಾಭಿಮಾನವೆಂದು ಹಗುರವಾಗಿ ಕಾಣುವವರಿದ್ದಾರೆ. ಬಾಂಬಿನ ಸದ್ದಿನ ನಡುವೆ ಅನ್ಯದೇಶದ ಮಕ್ಕಳಿಗೆ ಅವರದೇ ಭಾಷೆಯಲ್ಲಿ ಪಾಠ ಹೇಳಲು ಹೆಣಗಿದ ನಮ್ಮೂರಿನ ಈ ವೈದ್ಯರ ಬದುಕು ಅಂಥವರಿಗೆ ಯೋಗ್ಯ ಉತ್ತರ.

ಸಂಸಾರ ಮತ್ತು ಅವಸಾನ

ಅದೇ ಶಾಲೆಯಲ್ಲಿ ಶುಶ್ರೂಷಾ ವಿದ್ಯೆಯನ್ನು ಕಲಿಸುತ್ತಿದ್ದ ಗುವೊ ಚಿಂಗ್‌ಲಾನ್ ಎಂಬ ತರುಣಿಯೊಡನೆ 1941ರ ಕೊನೆಯಲ್ಲಿ ಅವರ ವಿವಾಹವಾಯಿತು. ಬೆಥ್ಯೂನರ ಸಮಾಧಿಯ ಬಳಿ ನಡೆದ ಸಮಾರಂಭದಲ್ಲಿ ಮೊದಲು ಪರಿಚಯವಾದ ಆ ಇಬ್ಬರ ಸಂಸಾರ ಒಂದು ವರ್ಷ ಮಾತ್ರ ನಡೆಯಿತು. 1942ರ ಆಗಸ್ಟ್ 23ರಂದು ಅವರಿಗೆ ಗಂಡುಮಗು ಜನಿಸಿತು. ಸೇನಾನಿ ನಿಯೆ ಅವರು ಮಗುವಿಗೆ ಯಿನ್‌ಹುವಾ ಎಂಬ ಹೆಸರು ಸೂಚಿಸಿದರು. ಯಿನ್ ಎಂದರೆ ಭಾರತ, ಹುವಾ ಎಂದರೆ ಚೀನಾ. ಅದೇ ವರ್ಷದ ಜುಲೈಯಲ್ಲಿ ಕೋಟಣೀಸರು ಚೀನೀ ಕಮ್ಯುನಿಸ್ಟ್ ಪಕ್ಷವನ್ನು ಸೇರಿದ್ದರು. ಅವರ ರಾಜಕೀಯ ನಿಲುವನ್ನು ಒಪ್ಪುವವರೂ ಒಪ್ಪದವರೂ ನಮ್ಮಲ್ಲಿ ಇರಬಹುದು. ಅವರ ಸೇವೆಯ ಬಗ್ಗೆ ಎರಡು ಮಾತಿಲ್ಲ.

ನಿರಂತರ ದುಡಿಮೆ, ಅರೆಹೊಟ್ಟೆ ಊಟ, ನಿದ್ರಾಹೀನ ರಾತ್ರಿಗಳಿಂದ ಅವರ ದೇಹ ಜರ್ಜರಿತವಾಗಿತ್ತು. ಅಪಸ್ಮಾರದ ಆಘಾತಗಳು ಮರುಕಳಿಸತೊಡಗಿದ್ದವು. ಬೇರೆಡೆಗೆ ಹೋಗಿ ವಿಶ್ರಾಂತಿ ಪಡೆಯಬೇಕೆಂಬ ಸಲಹೆಗೆ ಅವರು ಒಪ್ಪಲಿಲ್ಲ. ವೈದ್ಯರಾಗಿ ತಮ್ಮ ರೋಗದ ಗತಿಯನ್ನು ಅವರು ಅರಿಯದವರಲ್ಲ. ತಾವು ಹೋದರೆ ಆ ಮೇಜಿನ ಬಳಿ ನಿಲ್ಲುವವರು ಯಾರೆಂಬುದನ್ನೂ ಅವರು ಅರಿತಿದ್ದರು. 1942ರ ಡಿಸೆಂಬರ್ 8ರ ಸಂಜೆ ರೋಗ ಉಲ್ಬಣಿಸಿ, 9ರ ಬೆಳಗಿನ ಜಾವ ಅವರು ಕೊನೆಯುಸಿರೆಳೆದರು. ಮಗನಿಗೆ ಆಗ ಮೂರೂವರೆ ತಿಂಗಳು. ಮೇಜಿನ ಮೇಲೆ ಅವರು ಬರೆಯುತ್ತಿದ್ದ ಪಠ್ಯ ಅಪೂರ್ಣವಾಗಿ ಉಳಿಯಿತು.

ಸ್ಮರಣೆಯ ಹಾದಿ

ಐವರಲ್ಲಿ ನಾಲ್ವರು ಸ್ವದೇಶಕ್ಕೆ ಮರಳಿದರು, ಒಬ್ಬರು ಮರಳಲಿಲ್ಲ. ಖ್ವಾಜಾ ಅಹ್ಮದ್ ಅಬ್ಬಾಸರು ಆ ಮರಳದವರ ಕಥೆಯನ್ನು ಪುಸ್ತಕವಾಗಿ ಬರೆದರು. ಅದನ್ನಾಧರಿಸಿ ವಿ. ಶಾಂತಾರಾಮರು 1946ರಲ್ಲಿ ಚಲನಚಿತ್ರ ನಿರ್ಮಿಸಿ, ಕೋಟಣೀಸರ ಪಾತ್ರವನ್ನು ತಾವೇ ವಹಿಸಿದರು. ಅವರ ಹೆಸರು ಭಾರತದ ಮನೆಮನೆಗೆ ಮುಟ್ಟಿದ್ದು ಆ ಚಿತ್ರದಿಂದ. ಚೀನಾದಲ್ಲಿ ಅವರ ಅವಶೇಷಗಳನ್ನು ಮುಂದೆ ಶಿಜಿಯಾಝುವಾಂಗ್ ನಗರದ ಹುತಾತ್ಮರ ಸ್ಮಶಾನದಲ್ಲಿ ಗೌರವದಿಂದ ಇರಿಸಲಾಯಿತು. ಬೆಥ್ಯೂನರ ಸಮಾಧಿಯೂ ಅಲ್ಲಿಯೇ ಇದೆ. 1982ರಲ್ಲಿ ಚೀನಾ, 1993ರಲ್ಲಿ ಭಾರತ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿದವು.

ಆದರೆ ಸ್ಮರಣೆಯ ಹಾದಿ ಸದಾ ಸುಗಮವಾಗಿರಲಿಲ್ಲ. ಯಾವ ಎರಡು ದೇಶಗಳ ಹೆಸರನ್ನು ಕೂಡಿಸಿ ಮಗುವಿಗೆ ಇಟ್ಟಿದ್ದರೋ ಅದೇ ಎರಡು ದೇಶಗಳು 1962ರಲ್ಲಿ ಹಿಮಾಲಯದ ಗಡಿಯಲ್ಲಿ ಯುದ್ಧಕ್ಕೆ ನಿಂತವು. ನಮ್ಮ ಸೈನಿಕರು ಆ ಹಿಮದಲ್ಲಿ ಪ್ರಾಣಾರ್ಪಣೆ ಮಾಡಿದರು. ಅವರ ಬಲಿದಾನವನ್ನು ಸ್ಮರಿಸುವ ಮನಸ್ಸಿಗೆ ಚೀನಾದ ಸೈನಿಕರ ಆರೈಕೆ ಮಾಡಿದ ಕೋಟಣೀಸರನ್ನು ಸ್ಮರಿಸುವುದು ಹೇಗೆಂಬ ಪ್ರಶ್ನೆ ಏಳುವುದು ಸಹಜ. ಈ ಎರಡು ಸ್ಮರಣೆಗಳಲ್ಲಿ ವಿರೋಧವಿಲ್ಲ. ಕೋಟಣೀಸರು ಹೋದದ್ದು ಆಕ್ರಮಣಕ್ಕೊಳಗಾದ ಜನರ ಬಳಿಗೆ, ಭಾರತದ ಜನರು ಕಾಸು ಕಾಸು ಕೂಡಿಸಿ ಕಳಿಸಿದ ಪ್ರತಿನಿಧಿಯಾಗಿ. ತನ್ನ ನೆಲಕ್ಕಾಗಿ ಹೋರಾಡಿ ಮಡಿದ ಯೋಧ, ನೊಂದವನ ಬಳಿ ನಿಂತು ಮಡಿದ ವೈದ್ಯ, ಇಬ್ಬರೂ ತಮ್ಮ ಪ್ರಾಣಕ್ಕಿಂತ ಕರ್ತವ್ಯವನ್ನು ಹಿರಿದೆಂದು ಬಗೆದವರು.

ಯಿನ್‌ಹುವಾ ತಂದೆಯಂತೆ ವೈದ್ಯವಿದ್ಯೆಯನ್ನೇ ಆರಿಸಿಕೊಂಡ; ವ್ಯಾಸಂಗ ಮುಗಿಯುವ ಹಂತದಲ್ಲೇ 1967ರಲ್ಲಿ ತೀರಿಕೊಂಡ. ಪತಿಯನ್ನೂ ಮಗನನ್ನೂ ಕಳೆದುಕೊಂಡ ಗುವೊ ಚಿಂಗ್‌ಲಾನ್ ಪತಿಯ ಭಾರತದ ಬಂಧುಗಳೊಡನೆ ಕೊನೆಯವರೆಗೂ ಸಂಬಂಧವನ್ನು ಉಳಿಸಿಕೊಂಡರು, ಹಲವು ಸಲ ಭಾರತಕ್ಕೆ ಬಂದರು, 2012ರಲ್ಲಿ 96ನೆಯ ವಯಸ್ಸಿನಲ್ಲಿ ನಿಧನರಾದರು. ಅದೇ ವರ್ಷದ ಜನವರಿಯಲ್ಲಿ, ಸೊಲ್ಲಾಪುರದಲ್ಲಿ ದ್ವಾರಕಾನಾಥರು ಹುಟ್ಟಿದ ಮನೆ ಸ್ಮಾರಕವಾಗಿ ಸಾರ್ವಜನಿಕರಿಗೆ ತೆರೆಯಿತು. ಚೀನಾದಿಂದ ಬರುವ ಪ್ರತಿನಿಧಿಗಳು ಆ ಮನೆಯನ್ನು ಹುಡುಕಿಕೊಂಡು ಬರುತ್ತಾರೆ.

ಸಾವಿರಾರು ಮೈಲು ದೂರದಿಂದ ಬರುವವರಿಗೆ ಸಿಗುವ ಆ ಮನೆಯ ಬಾಗಿಲು ನಮ್ಮ ಮಕ್ಕಳಿಗೆ ಸಿಗದಿರಬಾರದು. ಪಾಲಕರು ಒಂದು ರವಿವಾರ ಬಿಡುವು ಮಾಡಿಕೊಂಡು ಮಕ್ಕಳ ಕೈಹಿಡಿದು ಅಲ್ಲಿಗೆ ಹೋಗಿ ಬರಲಿ. ನಮ್ಮ ಶಾಲೆಯಲ್ಲಿ ಕಲಿತು ವೈದ್ಯರೂ ಶುಶ್ರೂಷಕಿಯರೂ ಆಗಿರುವ ಹಳೆಯ ವಿದ್ಯಾರ್ಥಿಗಳು, ತಮ್ಮ ಮುಂದೆ ಕುಳಿತ ರೋಗಿ ಯಾವ ಭಾಷೆಯಲ್ಲಿ ನೋವನ್ನು ಹೇಳಿಕೊಂಡರೂ ಅದೇ ಭಾಷೆಯಲ್ಲಿ ನಾಲ್ಕು ಮಾತು ಆಡುವುದನ್ನು ಕಲಿತುಕೊಳ್ಳಲಿ. ಗೆಗೊಂಗ್ ಹಳ್ಳಿಯ ಆ ವೈದ್ಯನಿಗೆ ಸೊಲ್ಲಾಪುರದವರು ಸಲ್ಲಿಸಬಹುದಾದ ಶ್ರದ್ಧಾಂಜಲಿ ಅದು.